ಇಂಪೀರಿಯಲ್ ಹೋಟೆಲಿನ ಸಿಬ್ಬಂದಿ ಆಲ್ಬಮ್

2024ರ ನವೆಂಬರ್ 17, ಭಾನುವಾರ. ಬೆಳಿಗ್ಗೆ 8.40ಕ್ಕೆ ಇಂಗ್ಲೆಂಡಿನ ಸ್ಕೆಲ್‌ವಿಕ್ ಊರಿನ ಠಾಣೆಗೆ ಫೋನಿನಲ್ಲಿ ದೂರು ಬಂತು. ದೂರು ಕೊಟ್ಟವನು ಕಡಲತೀರದ ಇಂಪೀರಿಯಲ್ ಹೋಟೆಲಿನ ಮ್ಯಾನೇಜರ್ ಕಾಲಿನ್ ಫೇರ್‌ಬ್ಯಾಂಕ್. ಓದುವ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿದ್ದ ಆಲ್ಬಮ್ ಕಾಣೆಯಾಗಿದೆ ಎಂದ. ನಮ್ಮ ಕಡೆ ಎಫ್‌ಐಆರ್ ಎನ್ನುವುದಕ್ಕೆ ಇಲ್ಲಿ ಕ್ರೈಮ್ ನಂಬರ್ ಕೊಡುತ್ತಾರೆ. ಅದನ್ನು ಬರೆದುಕೊಂಡು ಡಿಟೆಕ್ಟಿವ್ ಇನ್‌ಸ್ಪೆಕ್ಟರ್ ಯಾಮಿನಿ ಮೋಹನ್ ಮತ್ತು ಕಾನ್‌ಸ್ಟೇಬಲ್ ಡೀನ್ ಹಾರ್‌ಗ್ರೀವ್ಸ್ 9.15ಕ್ಕೆ ಹೋಟೆಲ್ ತಲುಪಿದರು.

ಇಂಪೀರಿಯಲ್ ಕಟ್ಟಿದ್ದು 1867ರಲ್ಲಿ. ಲೀಡ್ಸ್, ಬ್ರ್ಯಾಡ್‌ಫರ್ಡಿನ ಗಿರಣಿ ಮಾಲೀಕರು ಹೆಂಡತಿ ಮಕ್ಕಳನ್ನು ಕರೆದುಕೊಂಡು ರೈಲಿನಲ್ಲಿ ಬಂದು ತಿಂಗಳುಗಟ್ಟಲೆ ಉಳಿಯುತ್ತಿದ್ದ ಹೋಟೆಲು. ಹಳದಿ ಇಟ್ಟಿಗೆಯ ಐದು ಅಂತಸ್ತು, ನಾಲ್ಕು ಮೂಲೆಗೆ ನಾಲ್ಕು ಗೋಪುರ. ಕೆಲವು ಸ್ನಾನದ ಕೋಣೆಗಳಲ್ಲಿ ಸಮುದ್ರದ ನೀರು ಬರುತ್ತಿದ್ದ ಹಿತ್ತಾಳೆ ನಲ್ಲಿಗಳು ಈಗಲೂ ಇವೆ. ನೀರು ಮಾತ್ರ ಬರುವುದಿಲ್ಲ. ಎರಡು ವರ್ಷ ಮುಚ್ಚಿ, ರಿಪೇರಿ ಮಾಡಿಸಿ, ಆ ಬೇಸಿಗೆಯಲ್ಲಷ್ಟೇ ಮತ್ತೆ ತೆರೆದಿದ್ದರು.

"ಆಲ್ಬಮ್ಮಿನಲ್ಲಿ ಏನಿತ್ತು?" ಯಾಮಿನಿ ಕೇಳಿದಳು.

"ಸಿಬ್ಬಂದಿಯ ಫೋಟೊಗಳು. ಪ್ರತಿ ವರ್ಷ ಎಲ್ಲರನ್ನೂ ಮೆಟ್ಟಿಲ ಮೇಲೆ ನಿಲ್ಲಿಸಿ ತೆಗೆಸುತ್ತಿದ್ದರು. 1871ರಿಂದ 1985ರವರೆಗೆ. ಬೆಳ್ಳಿಯ ಕೊಂಡಿ, ಚರ್ಮದ ರಟ್ಟು."

"ಬೇರೆ ಪ್ರತಿ ಇದೆಯೆ?"

"ಇಲ್ಲ. ಇವತ್ತು ಹನ್ನೊಂದು ಗಂಟೆಗೆ ಅತಿಥಿಗಳ ಮುಂದೆ ಅದನ್ನು ತೆರೆದು ತೋರಿಸುವವರಿದ್ದೆವು. ಕೊನೆಯ ಇಪ್ಪತ್ತು ವರ್ಷದ ಚಿತ್ರಗಳನ್ನು ದೊಡ್ಡದು ಮಾಡಿ ಗೋಡೆಗೆ ಹಾಕುವ ಯೋಚನೆ. ನಿನ್ನೆ ಊಟದ ಹೊತ್ತಿಗೆ ಎಲ್ಲರಿಗೂ ಹೇಳಿದ್ದೆ."

ಶನಿವಾರ ಸಂಜೆ ಆರಕ್ಕೆ ಓದುವ ಕೋಣೆಗೆ ಬೀಗ ಬಿದ್ದಿತ್ತು. ಭಾನುವಾರ 8.15ಕ್ಕೆ ಮ್ಯಾನೇಜರೇ ತೆಗೆದಾಗ ಪೆಟ್ಟಿಗೆ ಖಾಲಿ. ಆ ನಡುವೆ ಕೋಣೆಯ ಬಾಗಿಲನ್ನು ಯಾರೂ ತೆರೆದಿಲ್ಲವೆಂದು ಕಾರ್ಡ್ ಬೀಗದ ದಾಖಲೆ ಹೇಳುತ್ತಿತ್ತು. ಪೆಟ್ಟಿಗೆಗೆ ಬೀಗವಿರಲಿಲ್ಲ, ಒಂದು ಹಿತ್ತಾಳೆ ಕೊಕ್ಕೆಯಷ್ಟೇ.

ಡೀನ್ ಗೋಡೆಗಳನ್ನು ತಟ್ಟುತ್ತಾ ಬಂದ. ಅಗ್ಗಿಷ್ಟಿಕೆಯ ಪಕ್ಕದಲ್ಲಿ ಸದ್ದು ಬದಲಾಯಿತು. ಅಲ್ಲೊಂದು ಬಾಗಿಲಿತ್ತು. ಗೋಡೆಗೆ ಅಂಟಿಸಿದ ಹೂವಿನ ಕಾಗದವನ್ನೇ ಅದಕ್ಕೂ ಅಂಟಿಸಿದ್ದರಿಂದ ಕಣ್ಣಿಗೆ ಬೀಳುತ್ತಿರಲಿಲ್ಲ. ಹಿಂದೆ ಇಕ್ಕಟ್ಟಾದ ಮೆಟ್ಟಿಲು. ದೊರೆಗಳ ಕಣ್ಣಿಗೆ ಬೀಳದಂತೆ ಆಳುಗಳು ಓಡಾಡಲೆಂದು ಕಟ್ಟಿದ್ದು. ಅದು ಎರಡನೆಯ ಮಹಡಿಯಲ್ಲಿ ಹಾಸಿಗೆ ಬಟ್ಟೆ, ಟವೆಲ್ ಇಡುವ ಬಟ್ಟೆ ಕೋಣೆಗೆ ಹೋಗಿ ಸೇರುತ್ತಿತ್ತು.

"ಈ ಬಾಗಿಲು ಯಾರಿಗೆ ಗೊತ್ತು?"

"ಸಿಬ್ಬಂದಿಗೆ ಮಾತ್ರ," ಎಂದ ಮ್ಯಾನೇಜರ್.

ಶನಿವಾರ ಸಂಜೆಯಿಂದ ಬಟ್ಟೆ ಕೋಣೆಯ ಬಾಗಿಲನ್ನು ತೆರೆದದ್ದು ಒಂದೇ ಕಾರ್ಡ್, ಭಾನುವಾರ ಬೆಳಿಗ್ಗೆ 6.10ಕ್ಕೆ. ಪ್ರತೀಕ್ಷಾ ಎಂಬ ಹುಡುಗಿಯದು. ವಯಸ್ಸು ಇಪ್ಪತ್ತನಾಲ್ಕು, ತುಮಕೂರಿನವಳು. ಲೀಡ್ಸಿನಲ್ಲಿ ಎಂಎಸ್‌ಸಿ ಓದುತ್ತಾ ಶನಿವಾರ ಭಾನುವಾರ ಇಲ್ಲಿ ಕೋಣೆ ಚೊಕ್ಕಟ ಮಾಡುವ ಕೆಲಸಕ್ಕೆ ಬರುತ್ತಿದ್ದಳು. ಆ ಎರಡು ದಿನ ಹೋಟೆಲಿನ ಅಟ್ಟದ ಕೋಣೆಯಲ್ಲೇ ವಾಸ.

"ನಿಮ್ಮ ಕಡೆಯವಳೇನು?" ಡೀನ್ ಸಹಜವಾಗಿ ಕೇಳಿದ.

"ಇಂಡಿಯಾ ದೊಡ್ಡ ದೇಶ," ಎಂದಳು ಯಾಮಿನಿ.

ಯಾಮಿನಿ ಹುಟ್ಟಿ ಬೆಳೆದದ್ದು ಲೆಸ್ಟರಿನಲ್ಲಿ. ತಂದೆ ತಾಯಿ ಮೈಸೂರಿನವರು. ಮನೆಯಲ್ಲಿ ಅವರು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಆದರೆ ಎಲ್ಲವೂ ಅರ್ಥವಾಗುತ್ತಿತ್ತು, ಬೇಕೆಂದರೆ ಮಾತೂ ಬರುತ್ತಿತ್ತು. ಈ ಠಾಣೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ತನ್ನವರ ಪರ ಎನ್ನಿಸಿಕೊಳ್ಳಬಾರದೆಂಬುದು ಅವಳ ಹಳೆಯ ಎಚ್ಚರಿಕೆ.

ವಿಚಾರಣೆ 10.05ಕ್ಕೆ ಶುರುವಾಯಿತು, ಇಂಗ್ಲಿಷಿನಲ್ಲಿ.

"ಆರು ಹತ್ತಕ್ಕೆ ಬಟ್ಟೆ ಕೋಣೆಯಲ್ಲಿ ಏನು ಮಾಡುತ್ತಿದ್ದೆ?"

"ಹಾಸಿಗೆ ಬಟ್ಟೆ ತೆಗೆದುಕೊಳ್ಳುತ್ತಿದ್ದೆ."

"ಎಷ್ಟು ಹೊತ್ತು?"

"ಅರ್ಧ ಗಂಟೆ. ಹೋಗಿ ಬಂದು ಮಾಡುತ್ತಿದ್ದೆ."

"ಕಾರ್ಡ್ ಒಂದೇ ಸಲ ಬಳಕೆಯಾಗಿದೆ."

ಹುಡುಗಿ ಕೈಯಲ್ಲಿದ್ದ ಕಾರ್ಡನ್ನು ಜೇಬಿಗೆ ಹಾಕಿಕೊಂಡಳು. ಯಾಮಿನಿ ಅದನ್ನು ಬರೆದುಕೊಂಡಳು.

ಅಟ್ಟದ ಕೋಣೆಯನ್ನು ಶೋಧಿಸಲಾಯಿತು. ಇಬ್ಬರು ಕೆಲಸದವರು ಸಾಕ್ಷಿಗಳಾಗಿ ಬಾಗಿಲಲ್ಲಿ ನಿಂತರು, ಪಂಚನಾಮೆಗೆ ನಿಂತ ಪಂಚರ ಹಾಗೆ. ಡೀನ್ ಹಾಸಿಗೆ ಎತ್ತಿದ, ಸೂಟ್‌ಕೇಸ್ ಬುಡಮೇಲು ಮಾಡಿದ. ಒಳ ಉಡುಪು, ನೋಟ್ಸು, ಚಟ್ನಿಪುಡಿಯ ಡಬ್ಬಿ ಎಲ್ಲ ನೆಲಕ್ಕೆ ಬಿದ್ದವು. ಆಗ ಪ್ರತೀಕ್ಷಾಳ ಫೋನು ಹೊಡೆದುಕೊಂಡಿತು. ವಿಷಯ ತಿಳಿಸಿ ಅವಳು ಕಳಿಸಿದ್ದ ಮೆಸೇಜಿಗೆ ತಾಯಿಯ ಕರೆ. ಮಾತಾಡಬಹುದು ಎಂದಳು ಯಾಮಿನಿ. ಹುಡುಗಿ ಗೋಡೆ ಕಡೆ ತಿರುಗಿದಳು.

"ಅಮ್ಮಾ, ನಾನೇನೂ ತಗೊಂಡಿಲ್ಲ... ಬಟ್ಟೆ ರೂಮಿನ ಬಾಗಿಲಿಗೆ ಟವೆಲ್ ಸಿಕ್ಕಿಸಿಟ್ಟಿದ್ದೆ, ಪ್ರತಿ ಸಲ ಕಾರ್ಡ್ ತೋರ್ಸೋದು ಕಷ್ಟ ಅಂತ. ಹಾಗೆ ಮಾಡಬಾರ್ದು ಅಂತ ಬರೆಸ್ಕೊಂಡಿದಾರೆ. ಅದನ್ನ ಹೇಳಿದ್ರೆ ಕೆಲಸ ಹೋಗುತ್ತೆ... ಅಳಬೇಡಮ್ಮ. ಈ ಪೊಲೀಸಮ್ಮ ನಮ್ಮೋರ ಥರಾನೇ ಕಾಣ್ತಾರೆ, ಆದ್ರೆ ಇಂಗ್ಲಿಷೇ ಮಾತಾಡ್ತಾರೆ."

ಯಾಮಿನಿ ಕಿಟಕಿಯ ಹೊರಗೆ ನೋಡುತ್ತಾ ನಿಂತಿದ್ದಳು. ಒಂದೊಂದು ಪದವೂ ಅರ್ಥವಾಗಿತ್ತು. ಈಗ ಬಾಯಿ ಬಿಟ್ಟರೆ ಇಷ್ಟು ಹೊತ್ತು ಸುಮ್ಮನಿದ್ದದ್ದಕ್ಕೆ ಕಾರಣ ಕೊಡಬೇಕಾಗುತ್ತಿತ್ತು. ಅವಳು ಬಾಯಿ ಬಿಡಲಿಲ್ಲ, ಬರೆದುಕೊಳ್ಳಲೂ ಇಲ್ಲ.

ಕೋಣೆಯಲ್ಲಿ ಆಲ್ಬಮ್ ಸಿಗಲಿಲ್ಲ. ಅತಿಥಿಗಳ ಸಾಮಾನು ನೋಡಬೇಕು ಎಂದು ಡೀನ್ ಹೇಳಿದಾಗ ಮ್ಯಾನೇಜರ್ ಕೈ ಮುಂದೆ ಚಾಚಿ ತಡೆದ. "ದಯವಿಟ್ಟು ಬೇಡ. ಡಾಕ್ಟರುಗಳು, ಲಾಯರುಗಳು ಬಂದಿದ್ದಾರೆ. ಈಗಷ್ಟೇ ತೆರೆದ ಹೋಟೆಲು." ಯಾಮಿನಿ ಒಪ್ಪಿಕೊಂಡಳು. ಪೆಟ್ಟಿಗೆಯ ಕೊಕ್ಕೆಯ ಮೇಲಿದ್ದ ಬೆರಳಚ್ಚುಗಳನ್ನು ಮಾತ್ರ ತೆಗೆದುಕೊಂಡರು.

12.20ಕ್ಕೆ ಪ್ರತೀಕ್ಷಾಳನ್ನು ಕೆಲಸದಿಂದ ಅಮಾನತು ಮಾಡಿ ಕಳಿಸಿದರು. ಅವಳು ಚೀಲ ಹಿಡಿದು ದೊಡ್ಡ ಮೆಟ್ಟಿಲು ಇಳಿದು ಬರುವಾಗ ಹಾಲ್ ತುಂಬ ಅತಿಥಿಗಳಿದ್ದರು. ಅವರಲ್ಲಿ ಒಂದು ಕುಟುಂಬ ಕನ್ನಡದ್ದು. ರೇಷ್ಮೆ ಸೀರೆಯ ಮೇಲೆ ಕೋಟು ತೊಟ್ಟ ಹೆಂಗಸು ಪಕ್ಕದಲ್ಲಿದ್ದ ಗಂಡನಿಗೆ ಹೇಳಿದಳು: "ಆಕಿ ನಮ್ಮ ಕಡೆಯಾಕಿನ ಅಂತ್ರಿ. ಪರದೇಶದಾಗ ಬಂದು ಎಂಥ ಮಾನ ಕಳದ್ಲು ನೋಡ್ರಿ."

ಗಂಡ ಏನೂ ಹೇಳಲಿಲ್ಲ. ಆಮೇಲೆ ಅವರೇ ಡೀನ್ ಬಳಿ ಬಂದು ತಗ್ಗಿದ ದನಿಯಲ್ಲಿ ಕೇಳಿದರು: "ಆ ಹುಡುಗಿಯ ವೀಸಾಕ್ಕೆ ಏನಾದರೂ ತೊಂದರೆ ಆಗುತ್ತದೆಯೆ?"

"ಶಿಕ್ಷೆಯಾದರೆ ಆಗಬಹುದು ಸರ್," ಎಂದ ಡೀನ್.

ಅವರು ತಲೆಯಾಡಿಸಿ ಹೋದರು. ಡೀನ್ ರೂಢಿಯಂತೆ ಹೆಸರು ಕೇಳಿ ಬರೆದುಕೊಂಡಿದ್ದ. ಡಾಕ್ಟರ್ ಅಚ್ಯುತ ಸವಣೂರು, ನಿವೃತ್ತ ಕುಟುಂಬ ವೈದ್ಯ, ಊರು ಸ್ಟಾಕ್‌ಪೋರ್ಟ್.

ಸೋಮವಾರ ಯಾಮಿನಿ ಒಬ್ಬಳೇ ಹೋಟೆಲಿಗೆ ಹೋಗಿ ಬಟ್ಟೆ ಕೋಣೆಯ ಬಾಗಿಲಿಗೆ ಟವೆಲ್ ಸಿಕ್ಕಿಸಿ ನೋಡಿದಳು. ಬಾಗಿಲು ತೆರೆದೇ ನಿಂತಿತು. ಎರಡನೆಯ ಮಹಡಿಯ ಯಾವ ಅತಿಥಿ ಬೇಕಾದರೂ ಒಳಗೆ ಬರಬಹುದಿತ್ತು. ಆದರೆ ಒಳಗಿನ ಮೆಟ್ಟಿಲು ಎಲ್ಲಿಗೆ ಇಳಿಯುತ್ತದೆಂದು ಹೊಸಬರಿಗೆ ಹೇಗೆ ಗೊತ್ತಾಗಬೇಕು? ಈಗ ಕೆಲಸದಲ್ಲಿರುವವರಲ್ಲದಿದ್ದರೆ ಹಿಂದೆ ಕೆಲಸದಲ್ಲಿದ್ದವರು. ಕದ್ದದ್ದೂ ಹಿಂದೆ ಕೆಲಸದಲ್ಲಿದ್ದವರ ಚಿತ್ರಗಳನ್ನೇ.

ಮಂಗಳವಾರ 19ರಂದು ಬೆಳಿಗ್ಗೆ 11ಕ್ಕೆ ಯಾಮಿನಿ ಮತ್ತು ಡೀನ್ ಮೊರೀನ್ ಕ್ರ್ಯಾಬ್‌ಟ್ರೀ ಎಂಬ ಮುದುಕಿಯ ಮನೆಯಲ್ಲಿ ಕುಳಿತಿದ್ದರು. ಎಂಬತ್ತನಾಲ್ಕು ವಯಸ್ಸು. ಇಂಪೀರಿಯಲ್ಲಿನ ಬಟ್ಟೆ ಕೋಣೆಯನ್ನು ಮೂವತ್ತು ವರ್ಷ ನೋಡಿಕೊಂಡವಳು. ಹುಡುಗಿಯ ವೀಸಾ ಬಗ್ಗೆ ಕೇಳಿದ್ದ ಭಾರತದ ಅತಿಥಿಯ ವಿಷಯವನ್ನು ಡೀನ್ ಬರುವ ದಾರಿಯಲ್ಲಿ ಯಾಮಿನಿಗೆ ಹೇಳಿದ್ದ.

"ನಿಮ್ಮ ಕಾಲದಲ್ಲಿ ಭಾರತದವರು ಯಾರಾದರೂ ಕೆಲಸಕ್ಕಿದ್ದರೇನು?" ಯಾಮಿನಿ ಕೇಳಿದಳು.

"ಒಬ್ಬನೇ. ಆರ್ಚಿ. ಹೆಸರು ಹೇಳೋಕೆ ಬರ್ತಿರಲಿಲ್ಲ, ನಾವೇ ಹಾಗೆ ಕರೆದೆವು. ಎಂಬತ್ತೊಂದು, ಎಂಬತ್ತೆರಡನೇ ಇಸವಿ. ಅಡುಗೆಮನೆಯಲ್ಲಿ ಪಾತ್ರೆ ತೊಳೀತಿದ್ದ, ಆಮೇಲೆ ಪೆಟ್ಟಿಗೆ ಹೊರೋ ಕೆಲಸ. ಡಾಕ್ಟರಂತೆ ಪಾಪ. ಇಲ್ಲಿನ ಪರೀಕ್ಷೆ ಪಾಸಾಗಿರಲಿಲ್ಲ."

"ಆ ಗೋಡೆಯ ಬಾಗಿಲು ಅವನಿಗೆ ಗೊತ್ತಿತ್ತೆ?"

"ಗೊತ್ತಿಲ್ಲದೆ ಏನು? ಆ ಮೆಟ್ಟಿಲ ಮೇಲೇ ಕೂತು ಓದ್ತಿದ್ದ. ಬಿಸಿನೀರಿನ ಕೊಳವೆ ಇತ್ತು ಅಲ್ಲಿ, ಬೆಚ್ಚಗಿರುತ್ತೆ ಅಂತ." ಮೊರೀನ್ ಕಪ್ಪು ಕೆಳಗಿಟ್ಟಳು. "ನನ್ನ ಮಗನಿಗೆ ನಾಲ್ಕು ವರ್ಷ. ಜ್ವರ ಅಂದ್ಕೊಂಡು ಬಟ್ಟೆ ಕೋಣೆಯಲ್ಲೇ ಮಲಗಿಸಿದ್ದೆ. ಆರ್ಚಿ ಕತ್ತು ಮುಟ್ಟಿ ನೋಡಿದ. ಈಗಲೇ ಆಸ್ಪತ್ರೆಗೆ ಅಂತ ಅವನೇ ಎತ್ಕೊಂಡು ಓಡಿದ, ಪಾತ್ರೆ ತೊಳೆಯೋ ಏಪ್ರನ್ನಿನಲ್ಲೇ. ಮೆದುಳು ಜ್ವರ. ಒಂದು ಗಂಟೆ ತಡವಾಗಿದ್ರೂ ಜೀವ ಹೋಗ್ತಿತ್ತು ಅಂದ್ರು. ಮಗನಿಗೆ ಈಗ ನಲವತ್ತೇಳು."

ಡೀನ್ ತನ್ನ ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ತಿರುವಿ, ಭಾನುವಾರ ಬರೆದುಕೊಂಡಿದ್ದ ಹೆಸರಿನ ಮೇಲೆ ಬೆರಳಿಟ್ಟು ಯಾಮಿನಿಗೆ ತೋರಿಸಿದ.

ಬುಧವಾರ ಮಧ್ಯಾಹ್ನ ಯಾಮಿನಿ ಲೀಡ್ಸಿಗೆ ಹೋದಳು. ಪ್ರತೀಕ್ಷಾ ಬೇರೆ ಐವರ ಜತೆ ಇದ್ದ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಮಾತು. ಯಾಮಿನಿ ಕುರ್ಚಿಯ ತುದಿಯಲ್ಲಿ ಕುಳಿತು ಕನ್ನಡದಲ್ಲಿ ಶುರು ಮಾಡಿದಳು. ಕಲಿತ ಪಾಠ ಒಪ್ಪಿಸುವ ಮಗುವಿನ ಹಾಗಿತ್ತು ಅವಳ ಮಾತು.

"ನನಗೆ ಕನ್ನಡ ಬರುತ್ತೆ. ಅವತ್ತು ನೀನು ಅಮ್ಮನ ಹತ್ರ ಮಾತಾಡಿದ್ದು ಗೊತ್ತಾಯ್ತು. ಟವೆಲ್ ವಿಷಯ."



"ಮತ್ತೆ ಯಾಕೆ ಸುಮ್ನಿದ್ರಿ ಮೇಡಂ?"

"ತಪ್ಪಾಯ್ತು."

"ನಮ್ಮಮ್ಮ ಮೂರು ದಿನದಿಂದ ಊಟ ಮಾಡಿಲ್ಲ. ನನ್ನ ಬಟ್ಟೆ ಎಲ್ಲಾ ಎಲ್ಲರ ಮುಂದೆ ನೆಲಕ್ಕೆ ಹಾಕಿದ್ರು. ಹಾಕಿದ್ದಕ್ಕಲ್ಲ ಬೇಜಾರು, ನಿಮ್ಮ ಕೆಲಸ ಅದು. ನನಗೂ ಬರುತ್ತೆ ಕಣಮ್ಮ ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು."

ಯಾಮಿನಿ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ಕೇಳಿದಳು: "ಆ ಬೆಳಿಗ್ಗೆ ಅಲ್ಲಿ ಯಾರನ್ನಾದ್ರೂ ನೋಡಿದ್ಯಾ?"

"ಆ ಮಹಡಿಯಲ್ಲೇ ಇಳ್ಕೊಂಡಿದ್ದ ಸವಣೂರು ಅಂಕಲ್ ಬಟ್ಟೆ ರೂಮಿನ ಎದುರು ಕಾರಿಡಾರಲ್ಲಿ ನಿಂತಿದ್ರು. ನಿದ್ದೆ ಬರಲಿಲ್ಲ ಅಂದ್ರು. ಎಷ್ಟು ಕೋಣೆ ಮಾಡ್ಬೇಕು ದಿನಕ್ಕೆ ಅಂತ ಕೇಳಿದ್ರು. ಹದಿನಾಲ್ಕು ಅಂದೆ. ಸೊಂಟ ನೋಯುತ್ತಾ ಅಂತ ಕೇಳಿದ್ರು. ಅಲ್ಲಿ ಯಾರೂ ನನ್ನ ಹಾಗೆ ಕೇಳಿರಲಿಲ್ಲ. ಅದಕ್ಕೇ ಅವರ ಹೆಸರು ಹೇಳೋಕೆ ಮನಸ್ಸಾಗಲಿಲ್ಲ."

ಸಂಜೆ ಠಾಣೆಗೆ ಬಂದು ಯಾಮಿನಿ ಎರಡು ಕೆಲಸ ಮಾಡಿದಳು. ಭಾನುವಾರದ ಫೋನಿನ ಮಾತು ತನಗೆ ಅರ್ಥವಾಗಿತ್ತು, ದಾಖಲಿಸಲಿಲ್ಲ ಎಂದು ಕಡತಕ್ಕೆ ಸಹಿ ಮಾಡಿದ ಟಿಪ್ಪಣಿ ಸೇರಿಸಿ ಮೇಲಧಿಕಾರಿಗೆ ಪ್ರತಿ ಕಳಿಸಿದಳು. ಆಮೇಲೆ ಸವಣೂರು ಅವರ ಮನೆ ಶೋಧಕ್ಕೆ ವಾರಂಟ್ ಕೋರಿ ಅರ್ಜಿ ಬರೆದಳು.

ಗುರುವಾರ, 21 ನವೆಂಬರ್, ಮಧ್ಯಾಹ್ನ 2.30. ವಾರಂಟ್ ಸಿಕ್ಕಿತ್ತು. ಸ್ಟಾಕ್‌ಪೋರ್ಟಿನ ಮನೆಯ ಬಾಗಿಲು ತೆರೆದವರು ಹೇಮಲತಾ, ಹೋಟೆಲಿನಲ್ಲಿ ಗಂಡನ ಹತ್ತಿರ ಮಾತಾಡಿದ್ದ ಹೆಂಗಸು. ಪೊಲೀಸರನ್ನು ಕಂಡು ಗಾಬರಿಯಾದರೂ ಒಳಗೆ ಕರೆದು ಕೂರಿಸಿದರು. ಡಾಕ್ಟರು ಊಟದ ಮೇಜಿನ ಮುಂದೆ ಪೇಪರು ಹಿಡಿದು ಕುಳಿತಿದ್ದರು. ಎಪ್ಪತ್ತು ತುಂಬಿ ಐದು ದಿನವಾಗಿತ್ತು.

"ಆ ಹೋಟೆಲಿಗೆ ಹೋಗೋ ಯೋಚನೆ ಯಾರದು?" ಯಾಮಿನಿ ಕನ್ನಡದಲ್ಲೇ ಕೇಳಿದಳು. ಡೀನ್ ಅವಳನ್ನು ಒಮ್ಮೆ ನೋಡಿದ. ತನಗೆ ಕನ್ನಡ ಬರುತ್ತದೆಂದೂ ಆ ದಿನದ ಫೋನಿನ ಮಾತು ಅರ್ಥವಾಗಿತ್ತೆಂದೂ ಅವಳು ದಾರಿಯಲ್ಲೇ ಅವನಿಗೆ ಹೇಳಿದ್ದಳು.

"ನಮ್ಮ ಮಗಂದು," ಎಂದರು ಹೇಮಲತಾ. "ಋಷಿ. ಸಾಲ್ಫರ್ಡಿನಾಗ ಟೀವಿ ಕಂಪನಿಯೊಳಗ ಸೌಂಡ್ ಕೆಲಸ ಮಾಡ್ತಾನ. ಆರು ವರ್ಷ ಮನಿಗೆ ಬಂದಿರಲಿಲ್ಲ ಅಂವ. ಇವರ ಹಳೇ ಮೆಡಿಕಲ್ ಪುಸ್ತಕ ಒಂದು ಅವನ ಹತ್ರ ಉಳಿದಿತ್ತಂತ. ಅದರಾಗ ಆ ಹೋಟೆಲಿನ ಪೋಸ್ಟ್‌ಕಾರ್ಡ್ ಸಿಕ್ತಂತ. ಅಪ್ಪಗ ಇಷ್ಟದ ಜಾಗ ಇರಬೇಕಂತ ಹುಟ್ಟಿದಹಬ್ಬಕ್ಕ ಎಲ್ಲಾ ಬುಕ್ ಮಾಡಿ ಕರಕೊಂಡು ಹೋದ."

"ಡಾಕ್ಟ್ರೇ, ಮೊರೀನ್ ಕ್ರ್ಯಾಬ್‌ಟ್ರೀ ಗೊತ್ತಾ ನಿಮಗೆ?"

ಪೇಪರು ಮೇಜಿಗೆ ಇಳಿಯಿತು. ಡಾಕ್ಟರು ಹೆಂಡತಿಯ ಕಡೆ ನೋಡಲಿಲ್ಲ.

"ಗ್ಯಾರೇಜಿನಾಗ ಅದ," ಎಂದರು.

ಡ್ರೆಸಿಂಗ್ ಗೌನಿನಲ್ಲಿ ಸುತ್ತಿ, ಹಳೆಯ ಟೈರಿನ ಹಿಂದೆ ಇಟ್ಟಿದ್ದ ಆಲ್ಬಮ್ಮನ್ನು ಡೀನ್ ತಂದ. ಪಟ್ಟಿ ಬರೆದು, ಚೀಲಕ್ಕೆ ಹಾಕಿ, ಮುದ್ರೆ ಒತ್ತಿದ. ಸಮಯ 2.55. ಒಂದು ಪುಟವೂ ಹರಿದಿರಲಿಲ್ಲ.

"ಏನ್ರಿ ಇದು?" ಹೇಮಲತಾ ಕೇಳಿದರು. "ಏನು ಕದ್ದೀರಿ ನೀವು?"

"ನನ್ನ ಫೋಟೊ." ಡಾಕ್ಟರು ಚೀಲದ ಕಡೆ ಬೆರಳು ತೋರಿಸಿದರು. "ಎಂಬತ್ತೆರಡನೇ ಇಸವಿದು. ಮೂರನೇ ಸಾಲಿನಾಗ ಏಪ್ರನ್ ಕಟಗೊಂಡು ನಿಂತೀನಿ. ಲೀಡ್ಸ್ ಆಸ್ಪತ್ರೆಯೊಳಗ ಕೆಲಸ ಸಿಕ್ಕೇತಿ ಅಂತ ನಿನಗ ಪತ್ರ ಬರದಿದ್ದೆನಲ್ಲ, ಆವಾಗ ನಾ ಅಲ್ಲಿ ಪಾತ್ರಿ ತಿಕ್ಕತಿದ್ದೆ. ಆ ಪತ್ರ ನೋಡೇ ನಿಮ್ಮ ಅಪ್ಪ ಮದುವಿಗೆ ಒಪ್ಪಿದ್ರು."

ಹೇಮಲತಾ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತರು. ಗಂಡನ ಸುಳ್ಳಿನ ಬಗ್ಗೆ ಏನಾದರೂ ಕೇಳುತ್ತಾರೆಂದು ಯಾಮಿನಿ ಕಾದಳು. ಅವರು ಕೇಳಿದ್ದು ಬೇರೆಯದನ್ನು.

"ಆ ಹುಡುಗಿ ಚೀಲ ಹಿಡಕೊಂಡು ಹೋಗೋವಾಗ ನಾ ಅಷ್ಟು ಅಂದೆ. ನೀವು ಬಾಜೂಕ ನಿಂತಿದ್ರಿ. ನನ್ನ ಬಾಯಾಗ ಆ ಮಾತು ಬರೂಹಂಗ ಮಾಡಿ ಸುಮ್ಮನ ನಿಂತ್ರೆಲ್ಲ?"

3.10ಕ್ಕೆ ಯಾಮಿನಿ ಕಳ್ಳತನದ ಆರೋಪದ ಮೇಲೆ ಡಾಕ್ಟರನ್ನು ಬಂಧಿಸುತ್ತಿರುವುದಾಗಿ ಹೇಳಿ, ಕಾನೂನಿನ ಎಚ್ಚರಿಕೆಯ ಮಾತುಗಳನ್ನು ಇಂಗ್ಲಿಷಿನಲ್ಲಿ ಓದಿದಳು. ಕೈಗೆ ಬೇಡಿ ಹಾಕಲಿಲ್ಲ. ಅವರು ತಾವೇ ಕೋಟು ಹಾಕಿಕೊಂಡು, ಮಾತ್ರೆಯ ಡಬ್ಬಿ ಜೇಬಿಗಿಟ್ಟುಕೊಂಡು ಹೊರಟರು.

ಸ್ಟಾಕ್‌ಪೋರ್ಟ್ ಠಾಣೆಯಲ್ಲಿ ಕೊಕ್ಕೆಯ ಬೆರಳಚ್ಚಿಗೆ ಅವರದು ತಾಳೆಯಾಯಿತು. ವಿಚಾರಣೆ 4.20ರಿಂದ 5.05ರವರೆಗೆ ನಡೆಯಿತು. ವಕೀಲರು ಉತ್ತರ ಕೊಡಬೇಕಿಲ್ಲವೆಂದರೂ ಅವರು ಎಲ್ಲದಕ್ಕೂ ಉತ್ತರ ಕೊಟ್ಟರು.

"ಪುಟವೊಂದನ್ನೇ ಹರಿದುಕೊಳ್ಳಬಹುದಿತ್ತಲ್ಲ?"

"ಹರಿದರೆ ಯಾವ ವರ್ಷದ್ದೆಂದು ತಿಳಿಯುತ್ತಿತ್ತು. ಹರಿಯುವುದಕ್ಕೆ ಮನಸ್ಸೂ ಬರಲಿಲ್ಲ. ಮೊರೀನ್ ನನ್ನ ಪಕ್ಕದಲ್ಲೇ ನಿಂತಿದ್ದಾಳೆ."

"ಅಷ್ಟು ಹಳೆಯ ಚಿತ್ರದಲ್ಲಿ ನಿಮ್ಮನ್ನು ಯಾರು ಗುರುತಿಸುತ್ತಿದ್ದರು?"

"ಮಗ. ಆ ವಯಸ್ಸಿನಲ್ಲಿ ನಾನು ಥೇಟ್ ಅವನ ಹಾಗೆಯೇ ಇದ್ದೆ."

ಅವರು ಹೇಳಿದ್ದರಲ್ಲಿ ಕಡತಕ್ಕೆ ಸೇರಿದ ಕಾರಣ ಇಷ್ಟು. ಋಷಿಯೂ ಮೆಡಿಕಲ್ ಓದುತ್ತಿದ್ದ. ಮೂರನೆಯ ವರ್ಷದಲ್ಲಿ ಎರಡು ಸಲ ಫೇಲಾದ. ಆಗ ತಂದೆ ಅವನನ್ನು ಎದುರಿಗೆ ಕೂರಿಸಿಕೊಂಡು, ತಾನು ಪರದೇಶಕ್ಕೆ ಬಂದು ಮೊದಲ ಸಲಕ್ಕೇ ಪಾಸಾದವನು, ತನ್ನ ಮನೆಯಲ್ಲಿ ಫೇಲಾದವರಿಗೆ ಜಾಗವಿಲ್ಲ ಎಂದಿದ್ದರು. ಮಗ ಓದು ಬಿಟ್ಟ, ಮುಂದೆ ಮನೆಗೆ ಬರುವುದನ್ನೂ ಬಿಟ್ಟ. ಪಾತ್ರೆ ತೊಳೆದದ್ದು ಬಯಲಾಗುವುದಕ್ಕಿಂತ, ಆ ದಿನ ಮಗನಿಗೆ ಹೇಳಿದ್ದು ಸುಳ್ಳೆಂದು ಬಯಲಾಗುವುದಕ್ಕೆ ಅವರು ಹೆದರಿದ್ದರು. ಹುಡುಗಿಯ ಮೇಲೆ ಅನುಮಾನ ಬಂದಾಗ ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಳ್ಳುತ್ತಾ ನಾಲ್ಕು ದಿನ ಕಳೆದಿದ್ದರು. ಪ್ರತೀಕ್ಷಾಳ ಮೇಲೆ ಯಾವ ಅನುಮಾನವೂ ಇಲ್ಲವೆಂದು ಯಾಮಿನಿ ಕಡತದಲ್ಲಿ ಬರೆದು ಹೋಟೆಲಿಗೂ ತಿಳಿಸಿದಳು.

ಜಾಮೀನಿನ ಕಾಗದಕ್ಕೆ ಸಹಿಯಾಗುವ ಹೊತ್ತಿಗೆ ಆರು ಗಂಟೆ. ಹೊರಗಿನ ಬೆಂಚಿನ ಮೇಲೆ ಋಷಿ ಕುಳಿತಿದ್ದ. ಕೆಲಸದಿಂದ ನೇರವಾಗಿ ಬಂದಿದ್ದ, ಕತ್ತಿನಲ್ಲಿ ಆಫೀಸಿನ ಗುರುತುಚೀಟಿ ಹಾಗೇ ಇತ್ತು. ತಾಯಿ ಫೋನಿನಲ್ಲಿ ಎಲ್ಲ ಹೇಳಿದ್ದರು. ತಂದೆ ಹೊರಗೆ ಬಂದು ಅವನ ಎದುರು ನಿಂತರು. ಅವನು ಏಳಲಿಲ್ಲ.

"ನೀವು ಎಷ್ಟು ಸಲ ಫೇಲಾದಿರಿ?" ಇಂಗ್ಲಿಷಿನಲ್ಲಿ ಕೇಳಿದ.

"ಮೂರು ಸಲ," ಎಂದರು ತಂದೆ ಕನ್ನಡದಲ್ಲಿ. "ನಾಕನೇದಕ್ಕ ಪಾಸಾತು."

ಋಷಿ ಲೆಕ್ಕ ಹಾಕುವವನಂತೆ ಬೆರಳು ಮಡಿಸಿದ.

"ಮೂರನೆಯ ಸಲ ಪರೀಕ್ಷೆಗೆ ಕೂರುವ ಧೈರ್ಯ ಯಾರು ಕೊಟ್ಟರು?"

ಬಾಗಿಲ ಹತ್ತಿರ ಕಾಗದ ಜೋಡಿಸುತ್ತಿದ್ದ ಯಾಮಿನಿಗೆ ಡಾಕ್ಟರ ಉತ್ತರ ಅರ್ಧ ಮಾತ್ರ ಕೇಳಿಸಿತು.

"ಬಟ್ಟಿ ಖೋಲಿಯಾಕಿ. ಮೊರೀನ್. ದಿನಾ ಒಂದು ಕಪ್ ಚಹಾ ತಂದು, ಓದು ಓದು ಅಂತಿದ್ಲು."

"ನನಗೆ ಯಾರೂ ಹಾಗೆ ಹೇಳಲಿಲ್ಲ ಅಪ್ಪ," ಎಂದ ಋಷಿ. ಈ ಸಲ ಕನ್ನಡದಲ್ಲಿ ಹೇಳಿದ್ದ.

ತಂದೆ ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು. ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗವಿತ್ತು. ಮಗ ಹತ್ತಿರ ಸರಿಯಲಿಲ್ಲ, ಎದ್ದು ಹೋಗಲೂ ಇಲ್ಲ.